ಉತ್ತರ ಕನ್ನಡದಲ್ಲಿ ಟೆಂಟ್ ಹಾಕಿ ಮಲಗುವುದು: ಅಂಗಳದಿಂದ ಕಡಲಿನವರೆಗೆ

ಜನವರಿಯ ನಸುಕು. ಶಿರಸಿ ಹತ್ತಿರದ ಹಳ್ಳಿಯಲ್ಲಿ ದೊಡ್ಡಮ್ಮನ ಮನೆ ಅಂಗಳ. ಟೆಂಟಿನೊಳಗೆ ಮಲಗಿದ್ದೇನೆ. ಮೂಗಿನ ತುದಿ ತಣ್ಣಗಾಗಿದೆ. ಸೊಂಟದ ಕೆಳಗೆ ಒಂದು ಸಣ್ಣ ಕಲ್ಲು ರಾತ್ರಿಯಿಡೀ ಒತ್ತಿದೆ. ಹೊರಗೆ ಅಡಿಕೆ ಸೋಗೆಯಿಂದ ಇಬ್ಬನಿ ಟಪ್ ಟಪ್ ಅಂತ ಬೀಳುತ್ತಿದೆ, ತೋಟದ ಕಡೆಯಿಂದ ಕಾಜಾಣ ಕೂಗಲು ಶುರು ಮಾಡಿದೆ. ಒಳಗೆ ಹಾಸಿಗೆಯಲ್ಲಿ ಮಲಗಿದ್ದರೆ ಆ ಕಲ್ಲು ಇರುತ್ತಿರಲಿಲ್ಲ. ಆದರೆ ಈ ಸದ್ದೂ ಕಿವಿಗೆ ಬೀಳುತ್ತಿರಲಿಲ್ಲ.

ಹತ್ತಾರು ಕಡೆ ಮಲಗಿ ಎದ್ದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಇದು. ಪ್ರತಿಯೊಂದು ರೀತಿಯ ಕ್ಯಾಂಪಿಂಗ್ ಒಂದು ಸುಖ ಕೊಡುತ್ತದೆ, ಅದಕ್ಕೆ ಸರಿಯಾಗಿ ಒಂದು ಕಷ್ಟವನ್ನೂ ಜೊತೆಗೆ ಕಟ್ಟಿ ಕೊಡುತ್ತದೆ. ಗೆಳೆಯರು ಫೋನ್ ಮಾಡಿ 'ಯಾವ ಟೆಂಟ್ ತಗೊಳ್ಳಲಿ?' ಅಂತ ಕೇಳುತ್ತಾರೆ. ನಾನು ವಾಪಸ್ ಕೇಳುವುದು, 'ನಿನಗೆ ಯಾವ ಕಷ್ಟ ನಡೆಯುತ್ತದೆ?' ಅಂತ. ಸೆಕೆ ತಡೆಯಲಾಗದವರಿಗೆ ಕರಾವಳಿಯ ಏಪ್ರಿಲ್ ಬೇಡ. ಉಂಬಳ (ರಕ್ತ ಹೀರುವ ಜಿಗಣೆ) ಅಂದರೆ ಮೈ ನಡುಗುವವರಿಗೆ ಘಟ್ಟದ ಅಕ್ಟೋಬರ್ ಬೇಡ. ಬೆನ್ನುನೋವು ಇದ್ದವರು ಬಾಡಿಗೆ ಟೆಂಟಿನ ಮಂಚದಲ್ಲೇ ಮಲಗಲಿ, ಅದರಲ್ಲಿ ತಪ್ಪೇನೂ ಇಲ್ಲ.

ನಮ್ಮ ಜಿಲ್ಲೆಯ ಭಾಗ್ಯ ಏನೆಂದರೆ ಇಲ್ಲಿ ಎಲ್ಲ ರೀತಿಯೂ ಹತ್ತಿರ ಹತ್ತಿರವೇ ಸಿಗುತ್ತದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದರೆ ಸುಮಾರು 60 ಕಿಲೋಮೀಟರಿಗೆ ಕುಮಟಾ, ಅಲ್ಲಿಂದ ಕಡಲು ಕೂಗಳತೆ. ಹಾಗಾಗಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯಬಹುದು. ನಾನು ಕಲಿತ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಕಾಲ ನೋಡಿ

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ನಮ್ಮಲ್ಲಿ ಟೆಂಟಿನ ಕಾಲ. ಆಕಾಶ ತಿಳಿಯಾಗಿರುತ್ತದೆ, ಘಟ್ಟದ ಮೇಲೆ ಒಳ್ಳೆ ಚಳಿ, ಕರಾವಳಿಯಲ್ಲಿ ಹಿತವಾದ ರಾತ್ರಿ. ಜೂನ್‌ನಿಂದ ಸೆಪ್ಟೆಂಬರ್ ಪೂರ್ತಿ ಬಿಟ್ಟುಬಿಡಿ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಸುರಿಯುವುದು ಆ ನಾಲ್ಕು ತಿಂಗಳಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಕಡಲನ್ನೇ ನಂಬಿ ಬದುಕುವವರು ಬೋಟು ದಡಕ್ಕೆ ಎಳೆದಿಟ್ಟಿರುವ ಹೊತ್ತಲ್ಲಿ ನಾವು ಅಲ್ಲಿ ಟೆಂಟ್ ಹಾಕುವುದು ಸರಿಯಲ್ಲ, ಅಲ್ವಾ?

ಮಾರ್ಚ್‌ನಿಂದ ಮೇ ನಡುಗಾಲ. ಕರಾವಳಿಯಲ್ಲಿ ಬೆವರು, ಘಟ್ಟದಲ್ಲಿ ಸಂಜೆ ಹೊತ್ತು ಗುಡುಗು ಮಿಂಚು. ಗುಡ್ಡದ ನೆತ್ತಿಯಲ್ಲಿ, ಒಂಟಿ ಮರದ ಬುಡದಲ್ಲಿ ಟೆಂಟ್ ಹಾಕಲೇಬಾರದ ಕಾಲ ಅದು.

ಎರಡನೆಯದು, ಜಾಗ ಯಾರದು ಅಂತ ಕೇಳಿ

ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಉತ್ತರ ಕನ್ನಡದ ಬಹುಭಾಗ ಕಾಡು. ಕಾಡು ಅಂದರೆ ಯಾರೂ ಇಲ್ಲದ ಜಾಗ ಅಂತ ಹೊರಗಿನಿಂದ ಬಂದವರು ತಿಳಿದುಕೊಳ್ಳುತ್ತಾರೆ. ಜೋಯಿಡಾ, ದಾಂಡೇಲಿ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಇದೆ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಕಾಳಿ ನದಿಯ ಹೆಸರು ಬಂತು. ಅದರೊಳಗೆ ಅನುಮತಿ ಇಲ್ಲದೆ ರಾತ್ರಿ ಉಳಿಯುವುದು ಅಪರಾಧ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದೂ ಅಷ್ಟೇ. ಚಾರಣಕ್ಕೆ, ಉಳಿಯುವುದಕ್ಕೆ ಅರಣ್ಯ ಇಲಾಖೆಯನ್ನು ಮೊದಲೇ ಕೇಳಿ. ಯಾಣದ ಬಂಡೆ, ಉಂಚಳ್ಳಿ ಜಲಪಾತ ಇವೆಲ್ಲ ಹಗಲಲ್ಲಿ ನೋಡಿ ಬರುವ ಜಾಗ ಅಂತಲೇ ಇಟ್ಟುಕೊಳ್ಳಿ.

ಬೆಟ್ಟ ಭೂಮಿಯ ವಿಷಯವೂ ಇದೆ. ಅಡಿಕೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟಗಳು ನಮ್ಮ ಕಡೆ ಪ್ರತಿ ಊರಿನಲ್ಲೂ ಇವೆ. ನೋಡಲು ಬರೀ ಗುಡ್ಡದ ಹಾಗೆ ಕಾಣುತ್ತದೆ, ಆದರೆ ಅದನ್ನು ನೋಡಿಕೊಳ್ಳುವವರು ಇದ್ದಾರೆ. ಹತ್ತಿರದ ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ಜಗಲಿಯಲ್ಲಿ ಕುಳಿತು ಕೇಳಿ. ನಮ್ಮಲ್ಲಿ ಹಾಗೆ ಕೇಳಿದವರಿಗೆ ಇಲ್ಲ ಅಂದವರು ಕಡಿಮೆ. ಜಾಗದ ಜೊತೆ ಕಷಾಯವೂ ಸಿಗುತ್ತದೆ, ಬಾವಿ ಎಲ್ಲಿದೆ ಅಂತಲೂ ಗೊತ್ತಾಗುತ್ತದೆ. ಕಡಲ ತೀರದಲ್ಲೂ ಹಾಗೇ. ಗೋಕರ್ಣದ ಕುಡ್ಲೆ, ಓಂ ಕಡೆ ಸಾರ್ವಜನಿಕ ಮರಳಿನ ಮೇಲೆ ಸುಮ್ನೆ ಟೆಂಟ್ ಹೊಡೆಯಬೇಡಿ. ತೀರಕ್ಕೆ ತಾಗಿರುವ ತೆಂಗಿನ ತೋಟದವರನ್ನು, ಸ್ಥಳೀಯ ಪೊಲೀಸರನ್ನು ಕೇಳಿ ಆಮೇಲೆ ಹಾಕಿ.

ಮೊದಲ ರಾತ್ರಿ ಅಂಗಳದಲ್ಲಿ

ಹೊಸ ಟೆಂಟನ್ನು ಮೊದಲ ಸಲ ಬಿಚ್ಚುವುದು ಕತ್ತಲಲ್ಲಿ, ಗಾಳಿಯಲ್ಲಿ, ಕಡಲ ದಂಡೆಯಲ್ಲಿ ಆಗಬಾರದು. ಅಂಗಳದಲ್ಲೇ ಹಗಲು ಹೊತ್ತು ಎರಡು ಸಲ ಹಾಕಿ, ಎರಡು ಸಲ ಮಡಚಿ. ಆಮೇಲೆ ಅಲ್ಲೇ ಒಂದು ರಾತ್ರಿ ಮಲಗಿ. ಮನೆಯ ಬಾಗಿಲು ಹತ್ತೇ ಹೆಜ್ಜೆ ದೂರ. ಮಕ್ಕಳಿಗೆ ಹೆದರಿಕೆಯಾದರೆ ಒಳಗೆ ಹೋಗಿ ಅಜ್ಜಿ ಪಕ್ಕ ಮಲಗುತ್ತಾರೆ.

ಕೈಯಿಂದ ನೆಲ ಸವರಿ ಕಲ್ಲು, ಕಡ್ಡಿ ತೆಗೆಯಿರಿ. ನಾನು ಆರಂಭದಲ್ಲಿ ಹೇಳಿದ ಕಲ್ಲು ಕಣ್ಣಿಗೆ ಕಂಡಿರಲಿಲ್ಲ, ಸವರಿದ್ದರೆ ಸಿಗುತ್ತಿತ್ತು. ನೆಲ ಸ್ವಲ್ಪ ಇಳಿಜಾರಾಗಿದ್ದರೆ ತಲೆ ಮೇಲಿನ ಬದಿಗೆ ಬರಲಿ. ತಗ್ಗು ಜಾಗ ಬೇಡ, ಮಳೆ ಬಂದರೆ ನೀರು ನಿಲ್ಲುತ್ತದೆ. ಕೆಳಗೆ ಒಂದು ಪ್ಲಾಸ್ಟಿಕ್ ತಾಡಪತ್ರೆ ಹಾಸಿ, ಅದರ ಅಂಚು ಟೆಂಟಿನ ತಳದಿಂದ ಹೊರಗೆ ಚಾಚದ ಹಾಗೆ ಒಳಕ್ಕೆ ಮಡಚಿ. ಚಾಚಿದರೆ ಇಬ್ಬನಿ ನೀರೆಲ್ಲ ಅದರ ಮೇಲೆ ಇಳಿದು ನಿಮ್ಮ ಬೆನ್ನಡಿಗೇ ಬರುತ್ತದೆ.

ಅವತ್ತು ಸಂಜೆ ನಾನು ಟೆಂಟನ್ನು ಒಯ್ದದ್ದು ತೆಂಗಿನ ಮರದ ಕೆಳಗೆ. ನೆರಳು ಚೆನ್ನಾಗಿತ್ತು. ದೊಡ್ಡಮ್ಮ ಹಿತ್ತಲಿಂದಲೇ ಕೂಗಿದಳು: "ತಮಾ, ತೆಂಗಿನ ಮರದ ಬುಡಕ್ಕೆ ಮನಗಡ!" ಮಲಗಬೇಡ ಅಂತ. ಕಾಯಿ ಬೀಳುವುದು ಒಂದು, ಒಣಗಿದ ಗರಿ ಬೀಳುವುದು ಇನ್ನೊಂದು. ಗರಿಯ ಬುಡದ ಭಾರವೇ ಟೆಂಟಿನ ಕೋಲು ಮುರಿಯಲು ಸಾಕು. ಕರಾವಳಿಯಲ್ಲಿ ಇದನ್ನು ಇನ್ನೂ ಜಾಸ್ತಿ ನೆನಪಿಡಬೇಕು, ಯಾಕೆಂದರೆ ಅಲ್ಲಿ ಕಣ್ಣಿಗೆ ಚೆಂದ ಕಾಣುವ ಜಾಗವೆಲ್ಲ ತೆಂಗಿನ ಮರದ ಕೆಳಗೇ ಇರುತ್ತದೆ.

ಮೊದಲ ರಾತ್ರಿ ಎರಡು ವಿಷಯ ಗೊತ್ತಾಗುತ್ತವೆ. ಒಂದು, ಚಳಿ ನೆಲದಿಂದ ಬರುತ್ತದೆ. ಮೈಮೇಲೆ ಎರಡು ಹೊದಿಕೆ ಹೊದ್ದರೂ ಕೆಳಗೆ ತೆಳು ಬೆಡ್‌ಶೀಟ್ ಇದ್ದರೆ ನಡುರಾತ್ರಿ ನಡುಕ ಹತ್ತುತ್ತದೆ. ಚಾಪೆ, ಅದರ ಮೇಲೆ ಫೋಮ್ ಮ್ಯಾಟ್, ಅದರ ಮೇಲೆ ಕಂಬಳಿ ಹಾಸಿ ನೋಡಿ, ಮೇಲೆ ಒಂದು ಹೊದಿಕೆ ಸಾಕಾಗುತ್ತದೆ. ಶಿರಸಿ, ಸಿದ್ದಾಪುರದಲ್ಲಿ ಡಿಸೆಂಬರ್ ಜನವರಿಯ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಇದಕ್ಕೆ ಹಿಮಾಲಯದ ಸ್ಲೀಪಿಂಗ್ ಬ್ಯಾಗ್ ಬೇಕಾಗಿಲ್ಲ.

ಇನ್ನೊಂದು, ಬೆಳಗ್ಗೆ ಟೆಂಟಿನ ಒಳಗೋಡೆ ಒದ್ದೆ. 'ಟೆಂಟ್ ಸೋರುತ್ತಿದೆ' ಅಂತ ಅಂಗಡಿಗೆ ವಾಪಸ್ ಕೊಡಲು ಹೋದವರನ್ನು ನೋಡಿದ್ದೇನೆ. ಅದು ಸೋರಿಕೆಯಲ್ಲ, ನಿಮ್ಮ ಉಸಿರು. ಇಬ್ಬರು ರಾತ್ರಿಯಿಡೀ ಬಿಟ್ಟ ಉಸಿರಿನ ತೇವ ತಣ್ಣಗಿನ ಬಟ್ಟೆಗೆ ತಾಗಿ ನೀರಾಗುತ್ತದೆ. ಚಳಿ ಅಂತ ಎಲ್ಲ ಜಿಪ್ ಎಳೆದು ಮುಚ್ಚಿದಷ್ಟೂ ಜಾಸ್ತಿ ಒದ್ದೆ. ಸೊಳ್ಳೆ ಪರದೆ ಮಾತ್ರ ಮುಚ್ಚಿ, ಮೇಲಿನ ಕಿಂಡಿಗಳನ್ನು ತೆರೆದಿಡಿ. ಒಳಗಿನ ಪರದೆ ಮತ್ತು ಹೊರಗಿನ ಹೊದಿಕೆ ಬೇರೆ ಬೇರೆ ಇರುವ ಎರಡು ಪದರದ ಟೆಂಟನ್ನೇ ಕೊಳ್ಳಿ. ಹೊರ ಪದರವನ್ನು ಬಿಗಿಯಾಗಿ ಎಳೆದು ಕಟ್ಟಿದರೆ ನೀರು ಹೊರಗೋಡೆಯಲ್ಲೇ ಇಳಿದು ಹೋಗುತ್ತದೆ, ನಿಮಗೆ ತಾಗುವುದಿಲ್ಲ.

ಕಡಲ ತೀರ

ಎಲ್ಲರಿಗೂ ಮೊದಲು ಬೇಕಾಗಿರುವುದು ಇದೇ. ಅತಿ ಹೆಚ್ಚು ತಪ್ಪು ಆಗುವುದೂ ಇಲ್ಲೇ.

ಕುಮಟಾ ಕಡೆಯ ಒಂದು ತೀರದಲ್ಲಿ ನಾವು ಮೂವರು ಸಂಜೆ ಐದಕ್ಕೆ ಟೆಂಟ್ ಹಾಕಿದೆವು. ನೀರು ಎಲ್ಲೋ ದೂರ ಇತ್ತು, ಮರಳು ಗಟ್ಟಿಯಾಗಿ ಹಾಸಿದ ಹಾಗೆ ಇತ್ತು. ಬಲೆ ಸರಿಮಾಡುತ್ತಿದ್ದ ಒಬ್ಬ ಹಿರಿಯರು ನಮ್ಮನ್ನು ನೋಡಿ ಹತ್ತಿರ ಬಂದರು. "ತಮ್ಮಾ, ಆ ಕಸದ ಗೆರೆ ಕಾಣ್ತದಾ? ಅದರ ಮೇಲೆ ಹೋಗಿ ಹಾಕಿ. ಇವತ್ತು ಅಮಾಸೆ." ನಾವು ತಲೆ ಆಡಿಸಿದೆವು, ಆದರೆ ಟೆಂಟ್ ಕೀಳಲಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ನನ್ನ ಕಾಲಿನ ಬದಿಯ ಬಟ್ಟೆ ತಣ್ಣಗಾಯಿತು. ಟಾರ್ಚ್ ಹಾಕಿದರೆ ಟೆಂಟಿನ ಸುತ್ತ ನೊರೆ. ಚೀಲ, ಚಪ್ಪಲಿ, ಅಕ್ಕಿ ಡಬ್ಬ ಎತ್ತಿಕೊಂಡು ಮೇಲೆ ಓಡಿದೆವು. ಒಂದು ಜೊತೆ ಚಪ್ಪಲಿ ಹೋಯಿತು. ಆ ಹಿರಿಯರ ಮಾತು ಆವತ್ತಿನಿಂದ ಮರೆತಿಲ್ಲ.

ಹಾಗಾಗಿ ಭರತ ಇಳಿತ ಹೇಗೆ ನಡೆಯುತ್ತದೆ ಅಂತ ಮೊದಲು ತಿಳಿಯಿರಿ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆ ಹೊತ್ತಿಗೆ ಏರಿಕೆ ಅತಿ ಹೆಚ್ಚು, ಅಷ್ಟಮಿ ಸುತ್ತಮುತ್ತ ಕಡಿಮೆ. ಬೆಳದಿಂಗಳು ನೋಡಲು ಹುಣ್ಣಿಮೆಗೇ ಹೋಗುವವರು ಇದನ್ನು ಲೆಕ್ಕಕ್ಕೆ ತಗೊಳ್ಳಬೇಕು. ಕಾರವಾರ ಬಂದರಿನ ಭರತ ಇಳಿತದ ಸಮಯ ಮೊಬೈಲಿನಲ್ಲೇ ಸಿಗುತ್ತದೆ. ಅದನ್ನು ನೋಡಿದ ಮೇಲೂ ಅಲ್ಲಿನ ಮೀನುಗಾರರನ್ನು ಒಂದು ಮಾತು ಕೇಳಿ.

ನೆಲದಲ್ಲೇ ಓದಬಹುದಾದ ಗುರುತು ಎರಡು. ಒಂದು ಆ ಕಸದ ಗೆರೆ: ಒಣ ಕಡ್ಡಿ, ಚಿಪ್ಪು, ಪಾಚಿ, ಥರ್ಮಾಕೋಲ್ ಚೂರು ಸಾಲಾಗಿ ಬಿದ್ದಿರುತ್ತದೆ. ಹಿಂದಿನ ಭರತ ಮುಟ್ಟಿದ ಎತ್ತರ ಅದು. ಇನ್ನೊಂದು, ನೇರಳೆ ಹೂವಿನ ಅಡುಂಬು ಬಳ್ಳಿ. ಮರಳಲ್ಲಿ ಹಬ್ಬಿರುವ ಆ ಬಳ್ಳಿ ದಿನಾ ಉಪ್ಪು ನೀರು ನುಗ್ಗುವ ಕಡೆ ಬೆಳೆಯುವುದಿಲ್ಲ. ಬಳ್ಳಿಯ ಹಿಂದೆ, ಅದನ್ನು ತುಳಿಯದ ಹಾಗೆ, ಟೆಂಟ್ ಹಾಕಿ. ಅಳಿವೆಯ ಮರಳ ದಿಬ್ಬ ಎಷ್ಟೇ ಚೆಂದ ಇದ್ದರೂ ಬೇಡ. ಅಘನಾಶಿನಿ, ಗಂಗಾವಳಿ ಕಡಲು ಸೇರುವ ಕಡೆ ನೀರು ಎರಡೂ ದಿಕ್ಕಿನಿಂದ ಬರುತ್ತದೆ.

ಮರಳಲ್ಲಿ ಗೂಟ ನಿಲ್ಲುವುದಿಲ್ಲ. ಟೆಂಟಿನ ಜೊತೆ ಕೊಟ್ಟ ಸಣ್ಣ ಕಬ್ಬಿಣದ ಮೊಳೆಗಳು ಮಣ್ಣಿಗೆ ಸರಿ, ಮರಳಿಗೆ ದಂಡ. ಹೀಗೆ ಮಾಡಿ: ಒಂದು ಅಡಿ ಆಳದ ಗುಂಡಿ ತೋಡಿ. ಸಣ್ಣ ಬಟ್ಟೆ ಚೀಲಕ್ಕೆ ಮರಳು ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಗುಂಡಿಯಲ್ಲಿ ಅಡ್ಡಲಾಗಿ ಹೂಳಿ, ಮೇಲೆ ಮರಳು ಹಾಕಿ ಚೆನ್ನಾಗಿ ತುಳಿಯಿರಿ. ಚೀಲ ಇಲ್ಲದಿದ್ದರೆ ಗಟ್ಟಿ ಕೋಲಿನ ತುಂಡು, ಇಲ್ಲವೇ ದಂಡೆಗೆ ಬಂದು ಬಿದ್ದ ತೆಂಗಿನಕಾಯಿ ಸಿಪ್ಪೆಯೂ ಆಗುತ್ತದೆ. ಹೂತ ವಸ್ತು ಹಗ್ಗಕ್ಕೆ ಅಡ್ಡ ಇರಬೇಕು. ನೆಟ್ಟಗೆ ನಿಂತರೆ ಕಿತ್ತು ಬರುತ್ತದೆ.

ಗಾಳಿಯ ಕಡೆಯೂ ಗಮನ ಇರಲಿ. ಸಂಜೆವರೆಗೆ ಕಡಲಿನಿಂದ ನೆಲದ ಕಡೆ ಬೀಸುತ್ತದೆ. ರಾತ್ರಿ ಊಟದ ಹೊತ್ತಿಗೆ ಅದು ನಿಲ್ಲುತ್ತದೆ. ಎಲೆ ಅಲ್ಲಾಡದ, ಮೈ ಅಂಟಂಟಾಗುವ, ಸೊಳ್ಳೆ ಎದ್ದೇಳುವ ಹೊತ್ತು ಅದು. ಕಡಲ ತೀರದ ಕ್ಯಾಂಪಿಂಗಿನ ಅತಿ ದೊಡ್ಡ ಕಷ್ಟ ಇದೇ ಅಂತ ನಾನು ಹೇಳುತ್ತೇನೆ. ತುಂಬ ಜನ ಆಗಲೇ ಬೇಸತ್ತು ಗಂಟುಮೂಟೆ ಕಟ್ಟುತ್ತಾರೆ. ದಯವಿಟ್ಟು ಕಾಯಿರಿ. ನಡುರಾತ್ರಿ ಕಳೆದ ಮೇಲೆ ನೆಲ ತಣ್ಣಗಾಗಿ, ಘಟ್ಟದ ಕಡೆಯಿಂದ ಕಡಲಿಗೆ ಗಾಳಿ ತಿರುಗುತ್ತದೆ. ಒಣ ಎಲೆಯ ವಾಸನೆ ಹೊತ್ತ ತಣ್ಣನೆ ಗಾಳಿ. ಮುಂಬಾಗಿಲು ಪಡುವಣಕ್ಕೆ, ಹಿಂದಿನ ಕಿಟಕಿ ಮೂಡಣಕ್ಕೆ ಬರುವ ಹಾಗೆ ಟೆಂಟ್ ಹಾಕಿದ್ದರೆ ಎರಡೂ ಹೊತ್ತಿನ ಗಾಳಿ ನೇರ ಹಾದು ಹೋಗುತ್ತದೆ. ಆ ಎರಡು ಗಂಟೆ ಸೆಕೆಗೆ ಒಂದು ಒದ್ದೆ ಪಂಚೆ ಸಾಕು, ಕೊರಳಿಗೆ ಸುತ್ತಿಕೊಳ್ಳಿ.

ಚಳಿಗಾಲದ ತಿಂಗಳುಗಳಲ್ಲಿ ನಮ್ಮ ತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಕಾರವಾರದ ದೇವಬಾಗದಲ್ಲಿ ಅರಣ್ಯ ಇಲಾಖೆ ಗೂಡುಗಳಿಗೆ ಬಲೆ ಕಟ್ಟಿ ಕಾಯುತ್ತದೆ. ಮರಿಗಳು ಬೆಳಕಿನ ಕಡೆ ಹೋಗುತ್ತವೆ. ಕಡಲಿನ ಹೊಳಪು ಅಂತ ತಿಳಿದು ನಮ್ಮ ಲ್ಯಾಂಟರ್ನಿನ ಕಡೆ ಬಂದರೆ ಅವು ಸತ್ತ ಹಾಗೇ. ತೀರದಲ್ಲಿ ಬಿಳಿ ದೀಪ, ಬೆಂಕಿ ಎರಡೂ ಬೇಡ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ, ಅದನ್ನೂ ಕೆಳಗೆ ಹಿಡಿಯಿರಿ. ದೀಪ ಆರಿಸಿದ ಮೇಲೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು. ಆಮೇಲೆ ಕಾಣುವ ನಕ್ಷತ್ರ ಯಾವ ಲ್ಯಾಂಟರ್ನಿಗೂ ಸಾಟಿಯಲ್ಲ.

ಇನ್ನು ಮರಳು. ಅದು ಎಲ್ಲ ಕಡೆ ಬರುತ್ತದೆ, ಅನ್ನದಲ್ಲೂ. ಬಾಗಿಲ ಹತ್ತಿರ ಒಂದು ಗೋಣಿಚೀಲ ಹಾಸಿ, ಕಾಲು ಒರೆಸಲು ಒಣ ಬಟ್ಟೆ ಇಡಿ. ಒದ್ದೆ ಕಾಲಿನ ಮರಳನ್ನು ಉಜ್ಜಬೇಡಿ, ಒಣಗಲು ಬಿಟ್ಟರೆ ಕೊಡವಿದರೆ ಉದುರುತ್ತದೆ.

ಹಾಕಿಟ್ಟ ಟೆಂಟು

ದಾಂಡೇಲಿ, ಗಣೇಶಗುಡಿ ಕಡೆ ಮಂಚ, ಹಾಸಿಗೆ, ಪಕ್ಕದಲ್ಲೇ ಶೌಚಾಲಯ ಇರುವ ದೊಡ್ಡ ಟೆಂಟುಗಳು ಬಾಡಿಗೆಗೆ ಸಿಗುತ್ತವೆ. ಸರ್ಕಾರದ ಜಂಗಲ್ ಲಾಡ್ಜಸ್‌ನವರ ಕಾಳಿ ಅಡ್ವೆಂಚರ್ ಕ್ಯಾಂಪ್ ದಾಂಡೇಲಿಯಲ್ಲಿದೆ. ಖಾಸಗಿಯವರದ್ದೂ ಬೇಕಾದಷ್ಟಿವೆ. ವಯಸ್ಸಾದ ಅಪ್ಪ ಅಮ್ಮ, ಸಣ್ಣ ಕೂಸು ಇದ್ದವರಿಗೆ ಇದೇ ಒಳ್ಳೆಯದು. ನನ್ನ ಅಮ್ಮ ಕಾಡಿನ ರಾತ್ರಿ ಕಂಡದ್ದು ಇಂಥ ಟೆಂಟಿನಿಂದಲೇ. ಬೆಳಗ್ಗೆ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯುವ ಭರಭರ ಸದ್ದು ಕೇಳಿ ಬಾಗಿಲಿಗೆ ಬಂದು ನಿಂತವಳು ಚಹಾ ಆರಿದರೂ ಒಳಗೆ ಬರಲಿಲ್ಲ.

ಇಲ್ಲಿನ ಕಷ್ಟ ಬೇರೆ ರೀತಿಯದು. ಒಂದು ಕಡೆ ನಾವು ಉಳಿದಾಗ ರಾತ್ರಿ ಹನ್ನೆರಡರವರೆಗೆ ಪಕ್ಕದಲ್ಲಿ ಸ್ಪೀಕರ್ ಹಾಡು. ಅಷ್ಟು ದೂರ ಹೋಗಿದ್ದು ಅದಕ್ಕಲ್ಲ. ಕಾಯ್ದಿರಿಸುವ ಮೊದಲು ಮೂರು ಪ್ರಶ್ನೆ ಕೇಳಿ: ರಾತ್ರಿ ಎಷ್ಟು ಹೊತ್ತಿಗೆ ಹಾಡು ನಿಲ್ಲುತ್ತದೆ? ಎರಡು ಟೆಂಟಿನ ನಡುವೆ ಅಂತರ ಎಷ್ಟು? ಜಾಗಕ್ಕೆ ಪರವಾನಗಿ ಇದೆಯಾ? ನೇರ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ.

ಕಾಳಿ ದಂಡೆಯ ಬಗ್ಗೆ ಇನ್ನೊಂದು ಮಾತು. ಸೂಪಾ, ಕೊಡಸಳ್ಳಿ, ಕದ್ರಾ ಅಂತ ಆ ನದಿಗೆ ಅಣೆಕಟ್ಟುಗಳಿವೆ. ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಕೆಳಗೆ ಮಟ್ಟ ಬೇಗ ಏರುತ್ತದೆ. ಬಿಸಿಲಲ್ಲಿ ಒಣಗಿದ ಬಂಡೆ, ನಡುಗಡ್ಡೆ ನೋಡಿ ಅಲ್ಲಿ ಮಲಗುವ ಯೋಚನೆ ಮಾಡಬೇಡಿ. ಶರಾವತಿಯಲ್ಲೂ ಇದೇ ಮಾತು.

ಜೋಲಿ

ಎರಡು ಮರದ ನಡುವೆ ಕಟ್ಟುವ ಬಟ್ಟೆ ಜೋಲಿ, ಅಂದರೆ ಹ್ಯಾಮಕ್. ಕಲ್ಲಿಲ್ಲ, ಇಳಿಜಾರಿನ ಚಿಂತೆಯಿಲ್ಲ, ಕೆಳಗೆ ನೀರು ಹರಿದರೂ ತೊಂದರೆಯಿಲ್ಲ. ಕಾರವಾರದ ಕಡೆ ಗಾಳಿಮರದ ತೋಪಿನಲ್ಲಿ ಮಧ್ಯಾಹ್ನ ಒಂದು ನಿದ್ದೆ ಮಾಡಿ ನೋಡಿ. ಸೂಜಿ ಎಲೆಗಳ ನಡುವೆ ಗಾಳಿ ಸುಯ್ ಅನ್ನುತ್ತಿರುತ್ತದೆ.

ಕಟ್ಟುವ ಮೊದಲು ತಲೆ ಎತ್ತಿ ಮರವನ್ನು ಪೂರ್ತಿ ನೋಡಿ. ಮಾವು, ಗೇರು ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟಿದ ಚಗಳಿ, ಅಂದರೆ ಕೆಂಪಿರುವೆ, ಇರುತ್ತದೆ. ಚಟ್ನಿಗೆ ರುಚಿ, ಬೆನ್ನಿಗೆ ಬಿದ್ದರೆ ಬೆಂಕಿ. ತೊಡೆ ದಪ್ಪಕ್ಕಿಂತ ತೆಳುವಾದ ಮರ ಬೇಡ. ಅಡಿಕೆ ಮರಕ್ಕಂತೂ ಯಾವತ್ತೂ ಕಟ್ಟಬೇಡಿ, ಅದು ಬಾಗುತ್ತದೆ, ಮರದವರ ಮನಸ್ಸೂ ಮುರಿಯುತ್ತದೆ. ತೆಳು ಹಗ್ಗ ತೊಗಟೆ ಕೊಯ್ಯುತ್ತದೆ, ಎರಡು ಇಂಚು ಅಗಲದ ಪಟ್ಟಿ ಬಳಸಿ. ನಡು ಭಾಗ ಚೆನ್ನಾಗಿ ಜೋಲಲಿ, ಅದರಲ್ಲಿ ಓರೆಯಾಗಿ ಮಲಗಿ. ಉದ್ದಕ್ಕೆ ನೇರ ಮಲಗಿದರೆ ಬೆನ್ನು ಬಿಲ್ಲಾಗುತ್ತದೆ, ಓರೆಯಾದರೆ ಬಹುತೇಕ ಚಪ್ಪಟೆ. ಘಟ್ಟದ ಮೇಲೆ ಚಳಿಗಾಲದ ರಾತ್ರಿಗೆ ಇದು ಆಗದು. ಕೆಳಗಿನಿಂದ ಗಾಳಿ ಬೀಸಿ ಬೆನ್ನು ಮರಗಟ್ಟುತ್ತದೆ. ಸೊಳ್ಳೆಯೂ ಬಟ್ಟೆಯ ಮೂಲಕವೇ ಚುಚ್ಚುತ್ತದೆ.

ಬೆನ್ನ ಮೇಲೆ ಹೊತ್ತು, ಗುಡ್ಡ ಹತ್ತಿ

ಅನುಮತಿ ಸಿಕ್ಕಿ, ದಾರಿ ಗೊತ್ತಿರುವ ಊರಿನವರೊಬ್ಬರು ಜೊತೆಗೆ ಬಂದರೆ ಮಾತ್ರ ಈ ಮೆಟ್ಟಿಲು. ಸುಖದಲ್ಲಿ ಇದಕ್ಕೆ ಸಮ ಬೇರೆ ಇಲ್ಲ. ಕಷ್ಟದಲ್ಲೂ ಇಲ್ಲ.

ಉಂಬಳದಿಂದ ಶುರು ಮಾಡುತ್ತೇನೆ. ಮಳೆಗಾಲದಿಂದ ನವೆಂಬರ್ ಆರಂಭದವರೆಗೆ ತೇವ ಇರುವ ಎಲ್ಲ ಕಡೆ ಇರುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕಂಡಾಗ ಗಾಬರಿಯಿಂದ ಎಳೆಯಬೇಡಿ. ಉಗುರನ್ನು ಚರ್ಮಕ್ಕೆ ತಾಗಿಸಿ ಅದರ ಬಾಯಿಯ ಕೆಳಗೆ ಪಕ್ಕಕ್ಕೆ ಜಾರಿಸಿದರೆ ಬಿಟ್ಟುಬಿಡುತ್ತದೆ. ರಕ್ತ ಮಾತ್ರ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಹೆಪ್ಪುಗಟ್ಟದ ಹಾಗೆ ಮಾಡುವ ರಸ ಅದರ ಎಂಜಲಲ್ಲಿದೆ. ತೊಳೆದು, ಒತ್ತಿ ಹಿಡಿದು, ಬಟ್ಟೆ ಕಟ್ಟಿ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಸಾಕ್ಸ್ ಮೇಲೆ ತಂಬಾಕು ನೀರು ಅಥವಾ ಉಪ್ಪು ನೀರು ಸವರುವುದು ನಮ್ಮ ಕಡೆಯ ರೂಢಿ. ಒದ್ದೆಯಾದರೆ ತೊಳೆದು ಹೋಗುತ್ತದೆ, ಮತ್ತೆ ಸವರಬೇಕು. ಉಂಬಳದಿಂದ ಅಸಹ್ಯ ಅಷ್ಟೇ, ಅಪಾಯ ಇಲ್ಲ.

ಅಪಾಯ ಇರುವುದು ಉಣುಗಿನಿಂದ, ಅಂದರೆ ಉಣ್ಣೆ ಹುಳದಿಂದ. ಇದನ್ನು ಒತ್ತಿ ಹೇಳುತ್ತೇನೆ. ಮಂಗನ ಕಾಯಿಲೆ, ಅಂದರೆ ಕೆಎಫ್‌ಡಿ, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. 2024ರಲ್ಲಿ ನಮ್ಮ ಸಿದ್ದಾಪುರ ತಾಲೂಕಿನಲ್ಲೂ ಜನರನ್ನು ಕಾಡಿತು. ಸಣ್ಣ ಉಣುಗು ಕಚ್ಚಿ ಹರಡುವ ವೈರಸ್ ಅದು. ಜಾಸ್ತಿ ಕಾಣಿಸುವುದು ಡಿಸೆಂಬರ್‌ನಿಂದ ಮೇವರೆಗೆ, ನಾವು ಗುಡ್ಡ ಹತ್ತಲು ಹೊರಡುವ ಕಾಲದಲ್ಲೇ. ಹಾಗಾಗಿ ಹೊರಡುವ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಆಶಾ ಕಾರ್ಯಕರ್ತೆಗೆ ಕೇಳಿ: ಈ ವರ್ಷ ಇಲ್ಲಿ ಕಾಯಿಲೆ ಇದೆಯಾ, ಮಂಗ ಸತ್ತಿದೆಯಾ? ಇದೆ ಅಂದರೆ ಹೋಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ.

ಇಲ್ಲ ಅಂದರೂ ಒಣ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಕೈಕಾಲಿಗೆ ಉಣುಗು ಹತ್ತದ ಹಾಗೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಕಾಯಿಲೆ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆ ಇದನ್ನು ಕೊಡುತ್ತದೆ. ಸಂಜೆ ಟೆಂಟಿಗೆ ನುಗ್ಗುವ ಮೊದಲು ಬಟ್ಟೆ ಬದಲಿಸಿ, ಕಂಕುಳು, ಸೊಂಟ, ಕಿವಿ ಹಿಂದೆ ಒಬ್ಬರಿಗೊಬ್ಬರು ನೋಡಿ. ಮನೆಗೆ ಬಂದು ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ. ಬಂದ ಮೇಲೆ ಒಂದೆರಡು ವಾರದೊಳಗೆ ಇದ್ದಕ್ಕಿದ್ದ ಹಾಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಲೇಬೇಕು.

ಹಾವಿನ ಬಗ್ಗೆ ಜನ ಹೆದರುವಷ್ಟು ಕಾರಣ ಇಲ್ಲ. ಟೆಂಟಿನ ಜಿಪ್ ಯಾವಾಗಲೂ ಮುಚ್ಚಿರಲಿ, ಬೂಟನ್ನು ಕೊಡವಿ ಹಾಕಿ, ರಾತ್ರಿ ಎದ್ದರೆ ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಒಯ್ಯಿರಿ. ಕಾಡಿನ ಒಳಗೆ ಸಿಗ್ನಲ್ ಇರುವುದಿಲ್ಲ. ಯಾವ ಹೊತ್ತಿಗೆ ವಾಪಸ್ ಬರುತ್ತೀರಿ ಅಂತ ಕೆಳಗಿನ ಮನೆಯವರಿಗೆ ಹೇಳಿ ಹೋಗಿ.

ನೀರು ಒಬ್ಬರಿಗೆ ದಿನಕ್ಕೆ ಮೂರ್ನಾಲ್ಕು ಲೀಟರ್ ಬೇಕು. ಒರತೆ ನೀರು ಎಷ್ಟೇ ತಿಳಿಯಿದ್ದರೂ ಕುದಿಸಿ. ಕಕ್ಕಸಿಗೆ ನೀರಿನಿಂದ ಎಪ್ಪತ್ತು ಎಂಬತ್ತು ಹೆಜ್ಜೆ ದೂರ ಹೋಗಿ, ಅರ್ಧ ಅಡಿ ಗುಂಡಿ ತೋಡಿ, ಮುಚ್ಚಿ. ಕೆಳಗಿನ ಮನೆಗಳಿಗೆ ಪೈಪ್ ಹಾಕಿ ಅದೇ ನೀರನ್ನು ಕುಡಿಯಲು ಒಯ್ದಿರುತ್ತಾರೆ.

ಕಾರಿನಲ್ಲೇ

ಹಿಂದಿನ ಸೀಟು ಮಡಚಿ ಹಾಸಿಗೆ ಹಾಕಿ ಮಲಗುವುದು ಈಗ ಜಾಸ್ತಿಯಾಗಿದೆ. ಮಳೆ ಬಂದರೂ ಒಣಗಿರುತ್ತೀರಿ, ಸಾಮಾನು ಹೊರುವ ಕೆಲಸ ಇಲ್ಲ. ಕಷ್ಟ ಅಂದರೆ ಸೆಕೆ. ಎರಡೂ ಬದಿಯ ಕಿಟಕಿ ನಾಲ್ಕು ಬೆರಳು ಇಳಿಸಿ, ಹೊರಗಿನಿಂದ ಸೊಳ್ಳೆ ಪರದೆ ಹಾಕಿ. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗಬೇಡಿ, ವಿಷಗಾಳಿ ಒಳಗೆ ಬಂದರೆ ವಾಸನೆಯೂ ಗೊತ್ತಾಗುವುದಿಲ್ಲ. ಘಟ್ಟದ ರಸ್ತೆ ಬದಿಯ ತಿರುವಿನಲ್ಲಿ ನಿಲ್ಲಿಸದೆ ಯಾರದಾದರೂ ಮನೆ, ಹೋಟೆಲ್ ಅಂಗಳ ಕೇಳಿ ನಿಲ್ಲಿಸಿ.

ಊಟ

ರಾತ್ರಿ ಅಡುಗೆ ಸರಳ ಇರಲಿ. ನಾನು ಒಯ್ಯುವುದು ಕುಚಲಕ್ಕಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಒಂದು ಡಬ್ಬ ಜೋನಿಬೆಲ್ಲ, ಅವಲಕ್ಕಿ, ಕಷಾಯದ ಪುಡಿ. ಗಂಜಿಗೆ ಒಂದೇ ಪಾತ್ರೆ ಸಾಕು, ನೀರೂ ಅನ್ನವೂ ಒಟ್ಟಿಗೇ ಆಗುತ್ತದೆ. ಕುಚಲಕ್ಕಿಯನ್ನು ಮಧ್ಯಾಹ್ನವೇ ನೆನೆಸಿ ಡಬ್ಬದಲ್ಲಿ ಹಾಕಿಕೊಂಡರೆ ಗ್ಯಾಸ್ ಉಳಿಯುತ್ತದೆ. ಬೆಂಕಿ ಹಾಕಲು ಒಪ್ಪಿಗೆ ಇರುವ ಅಂಗಳ, ಖಾಸಗಿ ಜಾಗದಲ್ಲಿ ಮೂರು ಕಲ್ಲಿನ ಒಲೆ ಹೂಡಿ ಕೆಂಡದ ಮೇಲೆ ಹಪ್ಪಳ ಸುಡಿ. ಎರಡು ಕಡ್ಡಿಯಲ್ಲಿ ಹಿಡಿದು, ಒಂದು ಅಂಚು ಉಬ್ಬಿದ ತಕ್ಷಣ ತಿರುಗಿಸಬೇಕು. ಒಂದು ಎಣಿಸುವಷ್ಟು ತಡವಾದರೂ ಕರಿ. ಆ ಸುಟ್ಟ ಹಲಸಿನ ವಾಸನೆ, ಬಿಸಿ ಗಂಜಿ, ಮಿಡಿಯ ಒಂದು ಕಚ್ಚು. ಇದಕ್ಕಿಂತ ಹೆಚ್ಚು ನನಗೆ ಬೇಡ. ಕರಾವಳಿಯಲ್ಲಿ ಮೀನು ತಿನ್ನುವ ಗೆಳೆಯರು ಬೆಳಗ್ಗೆ ಬೋಟು ಬಂದಾಗ ಬಂಗುಡೆ ಕೊಂಡು ಉಪ್ಪು, ಮೆಣಸು, ಹುಣಸೆ ಹಚ್ಚಿ ಕಾವಲಿಯಲ್ಲಿ ಹುರಿಯುತ್ತಾರೆ.

ಮಳೆ ಬಂದರೂ ಟೆಂಟಿನ ಒಳಗೆ ಒಲೆ, ಇದ್ದಿಲು, ಗ್ಯಾಸ್ ಯಾವುದನ್ನೂ ಹೊತ್ತಿಸಬೇಡಿ. ಅವಲಕ್ಕಿ, ಬೆಲ್ಲ ಇರುವುದು ಅಂಥ ರಾತ್ರಿಗೇ. ಕೆಂಡಕ್ಕೆ ನೀರು ಹೊಯ್ದು, ಕೈ ಇಟ್ಟು ತಣ್ಣಗಾಗಿದೆ ಅಂತ ನೋಡಿಯೇ ಮಲಗಿ. ಉಳಿದ ತಿಂಡಿಯನ್ನು ಟೆಂಟಿನೊಳಗೆ ಇಡಬೇಡಿ. ಇರುವೆಯೂ ಹಂದಿಯೂ ವಾಸನೆ ಹಿಡಿದು ಬರುತ್ತವೆ. ಡಬ್ಬವನ್ನು ಕಾರಿನಲ್ಲೋ, ಟೆಂಟಿನಿಂದ ದೂರ ಮರಕ್ಕೆ ಎತ್ತರದಲ್ಲಿ ಕಟ್ಟಿಯೋ ಇಡಿ.

ಬಿಚ್ಚುವಾಗ

ಬೆಳಗ್ಗೆ ಹೊರಡುವ ಆತುರದಲ್ಲಿ ಇಬ್ಬನಿಗೆ ಒದ್ದೆಯಾದ ಟೆಂಟನ್ನೇ ಮಡಚಿ ಚೀಲಕ್ಕೆ ತುರುಕುತ್ತೇವೆ. ಪರವಾಗಿಲ್ಲ, ಆದರೆ ಮನೆಗೆ ಬಂದ ದಿನವೇ ಬಿಚ್ಚಿ. ನಮ್ಮ ಹವೆಯಲ್ಲಿ ಎರಡು ದಿನ ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಒಳಗಿನ ನೀರು ತಡೆಯುವ ಲೇಪ ಸಿಪ್ಪೆ ಏಳುತ್ತದೆ. ಕಡಲಿಗೆ ಹೋಗಿ ಬಂದಿದ್ದರೆ ಮೊದಲು ಸಿಹಿನೀರಲ್ಲಿ ತೊಳೆಯಿರಿ. ಜಿಪ್ಪಿನ ಹಲ್ಲಿನಲ್ಲಿ ಕೂತ ಉಪ್ಪು, ಮರಳನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ, ಜಿಪ್ ಹಾಳಾಗುವುದು ಅದರಿಂದಲೇ. ಆಮೇಲೆ ನೆರಳಲ್ಲಿ ಹರವಿ. ದೊಡ್ಡಮ್ಮನ ಮನೆಯಲ್ಲಿ ಅಡಿಕೆ ಒಣಗಿಸುವ ಅಟ್ಟದ ಕೆಳಗೆ ಉದ್ದಕ್ಕೆ ಹಗ್ಗ ಕಟ್ಟಿ ಹಾಕುತ್ತೇನೆ. ಕೊಯ್ಲಿನ ದಿನಗಳಲ್ಲಿ ಅಟ್ಟದ ಕೆಳಗೂ ಜಾಗ ಇರುವುದಿಲ್ಲ. ಆಗ ಜಗಲಿಯ ಗಳುವಿನ ಮೇಲೆ, ಒಣಗಿದ ಪಂಚೆಗಳ ಪಕ್ಕ ಅದೂ ಎರಡು ದಿನ ತೂಗಾಡುತ್ತದೆ.